ಪಟ್ಟಿಗೆ ಬಾರದ ಮಾತು

ಇಲ್ಪೊ ವೆಂಟ್ಟಿನೆನ್ ಹೊಸದಾಗಿ ಏನನ್ನೂ ಬರೆದವನಲ್ಲ. ಕಂಪ್ಯೂಟರನ್ನು ನಡೆಸುವ ತಿರುಳು ತಂತ್ರಾಂಶವಾದ ಕರ್ನೆಲ್‌ನ ಕೆಲಸದಲ್ಲಿರುವ ನಮ್ಮಂಥವರ ನಡುವೆ ಇದನ್ನು ಕೊರತೆಯೆಂದು ಎಣಿಸುವವರಿದ್ದಾರೆ. ಅವನಾದರೋ ಅದನ್ನೇ ತನ್ನ ಪರಿಚಯವಾಗಿ ಹೇಳಿಕೊಳ್ಳುತ್ತಿದ್ದ. "ನಾನು ಬರೆಯೋನಲ್ಲ, ಗುಡಿಸೋನು," ಎನ್ನುತ್ತಿದ್ದ. ಟಾಂಪೆರೆ ನಗರದ ಒಂದು ವೃತ್ತಿಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವುದು ಅವನ ಉದ್ಯೋಗ. ಸಂಜೆ ಮನೆಗೆ ಬಂದು ಕಾಫಿ ಕಾಯಿಸಿಕೊಂಡು, ಯಾರೋ ಯಾವಾಗಲೋ ಅವಸರದಲ್ಲಿ ಬರೆದು ಕೈತೊಳೆದುಕೊಂಡು ಹೋದ ಡ್ರೈವರ್‌ಗಳನ್ನು ಓರಣಗೊಳಿಸುತ್ತ ಕೂರುವುದು ಅವನ ಇಷ್ಟ. ನಮ್ಮ ಮನೆಗೆ ಬಂದಾಗಲೂ ಮಾತನಾಡುತ್ತಲೇ ಮೇಜಿನ ಮೇಲಿನ ಚಮಚಗಳನ್ನು ಒಂದೇ ದಿಕ್ಕಿಗೆ ತಿರುಗಿಸಿಡುತ್ತಿದ್ದ. ತಾನು ಹಾಗೆ ಮಾಡುತ್ತೇನೆಂಬುದು ಅವನಿಗೆ ತಿಳಿದಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಡ್ರೈವರ್ ಎಂದರೆ ಒಂದು ಯಂತ್ರಭಾಗಕ್ಕೂ ಕರ್ನೆಲ್‌ಗೂ ನಡುವೆ ನಿಂತ ದುಭಾಷಿ. ಒರಟಾಗಿ ಬರೆದ ಡ್ರೈವರನ್ನು ನಾವು ನೇರವಾಗಿ ಒಳಮನೆಗೆ ಬಿಟ್ಟುಕೊಳ್ಳುವುದಿಲ್ಲ. ಅಂಥವಕ್ಕೆಂದೇ ಹೊರಗೊಂದು ಜಗಲಿಯಿದೆ. ಅಲ್ಲಿ ಯಾರಾದರೂ ಅದರ ಮೈ ತೊಳೆದು, ತಲೆ ಬಾಚಿ, ಮರ್ಯಾದಸ್ಥರ ನಡುವೆ ಕೂರುವಂತೆ ಮಾಡಬೇಕು. ತೊಳೆಯುವವರು ಸಿಗದಿದ್ದರೆ ಒಂದು ದಿನ ಜಗಲಿಯಿಂದಲೂ ಇಳಿಸಿಬಿಡುತ್ತಾರೆ. ಈ ಕೆಲಸವೆಲ್ಲ ಜಗತ್ತೇ ಓದಬಹುದಾದ ಅಂಚೆಪಟ್ಟಿಯೊಂದರಲ್ಲಿ, ಮಿಂಚಂಚೆಗಳ ಮೂಲಕ ನಡೆಯುತ್ತದೆ. ತಿದ್ದುಪಡಿ ಕಳಿಸುವುದು, ಆಕ್ಷೇಪಿಸುವುದು, ಒಪ್ಪಿ ಸಹಿಹಾಕುವುದು ಎಲ್ಲವೂ ಅಲ್ಲಿಯೇ. ಫೋನಿನಲ್ಲಿಯೋ ಊಟದ ಮೇಜಿನಲ್ಲಿಯೋ ಏನೇ ಆಡಿದರೂ, ಪಟ್ಟಿಗೆ ಬಾರದಿದ್ದರೆ ಅದು ನಡೆದಿಲ್ಲವೆಂದೇ ಲೆಕ್ಕ. ನಿಯಮ ಒಳ್ಳೆಯದು. ದೂರದೂರಿನವನಿಗೂ ಪಕ್ಕದ ಕೋಣೆಯವನಿಗೂ ಒಂದೇ ನ್ಯಾಯ ಸಿಗಲೆಂದು ಮಾಡಿದ್ದು.

ಇಲ್ಪೊ ವರ್ಷಗಳ ಕಾಲ ತೊಳೆದದ್ದು ಒಂದು ಮಗ್ಗದ ಡ್ರೈವರನ್ನು. ಪಿಸ್ಪಾಲ ದಿಣ್ಣೆಯ ಕೆಳಗೆ, ಸರೋವರದ ದಡದಲ್ಲಿ, ದೃಷ್ಟಿಯಿಲ್ಲದವರು ನೇಯುವ ಕಾರ್ಯಶಾಲೆಯೊಂದಿದೆ. ಅವನ ತಾಯಿ ಮುಪ್ಪಿನಲ್ಲಿ ಕಣ್ಣು ಕಳೆದುಕೊಂಡ ಮೇಲೆ ತನ್ನ ಕೊನೆಯ ವರ್ಷಗಳನ್ನು ಅಲ್ಲಿ ನೇಯುತ್ತ ಕಳೆದಳು. ಅಲ್ಲಿನ ಪ್ರತಿ ಮಗ್ಗದ ಪಕ್ಕದಲ್ಲೂ ಒಂದು ಕಂಪ್ಯೂಟರ್ ಇದೆ, ಅದರೊಳಗೆ ಒಂದು ಹಳೆಯ ಕಾರ್ಡು. ಲಾಳಿ ದಾಟುವ ಮುನ್ನ ಹಾಸಿನ ಯಾವ ಎಳೆಗಳು ಮೇಲೇಳಬೇಕೆಂದು ಮಗ್ಗಕ್ಕೆ ಹೇಳುವುದು ಆ ಕಾರ್ಡು. ವಿನ್ಯಾಸವನ್ನು ಕಾಣಲಾರದವಳು ಲಾಳಿಯನ್ನಷ್ಟೇ ಎಸೆಯುತ್ತ ಹೋದರೆ ಬಟ್ಟೆಯ ಮೇಲೆ ವಿನ್ಯಾಸ ಮೂಡುತ್ತದೆ. ಕಾರ್ಡು ತಯಾರಿಸಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಡ್ರೈವರ್ ಮಾತ್ರ ಹೇಗೋ ಜಗಲಿಯವರೆಗೆ ಬಂದು ಕೂತಿತ್ತು.

ಅದನ್ನು ಒಳಮನೆಗೆ ಸೇರಿಸುವುದೊಂದೇ ಇಲ್ಪೊನ ಆಸೆ. ಕಾರಣವಿಷ್ಟೇ. ಕರ್ನೆಲ್‌ನ ಬುನಾದಿ ಆಗಾಗ ಬದಲಾಗುತ್ತಿರುತ್ತದೆ. ಒಳಮನೆಯ ಡ್ರೈವರ್‌ಗಳನ್ನಾದರೆ ಬುನಾದಿ ಬದಲಿಸುವವನೇ ಹೊಸದಕ್ಕೆ ಹೊಂದಿಸಿಕೊಡಬೇಕು, ಅದು ಅವನ ಧರ್ಮ. ಹೊರಗುಳಿದದ್ದನ್ನು ಅದರ ಒಡೆಯನೇ ಜೀವಮಾನವಿಡೀ ಹೊತ್ತು ತಿರುಗಬೇಕು. "ನಾನು ಸತ್ತ ಮೇಲೂ ಆ ಮಗ್ಗಗಳು ನಡೀಬೇಕು," ಎಂದು ಇಲ್ಪೊ ಒಮ್ಮೆ ನನ್ನೊಡನೆ, ನೀರಿನ ಪೈಪಿನ ಬಗ್ಗೆ ಹೇಳುವವನಂತೆ ಹೇಳಿದ್ದ.

ಕರ್ನೆಲ್‌ನ ಆ ಶಾಖೆಗೆ ಪಾಲಕ ಕೌಕೊ ಸ್ಯುರ್ಯಾ. ಯಾವ ತಿದ್ದುಪಡಿ ಒಳಗೆ ಹೋಗಬೇಕು, ಯಾವುದು ಹೋಗಬಾರದು ಎಂದು ತೀರ್ಮಾನಿಸುವವನು ಅವನು. ಅವನ ಮೇಲೆ ಜರ್ಮನಿಯಲ್ಲಿರುವ ಹಿರಿಯ ಪಾಲಕಿಯೊಬ್ಬಳು. ಕೌಕೊ ಟಾಂಪೆರೆಯವನೇ, ಕಂಪನಿಯೊಂದರ ಸಂಬಳದಲ್ಲಿ ಈ ಕೆಲಸ ಮಾಡುವವನು. ಇಲ್ಪೊ ಮತ್ತು ಅವನು ಹದಿಹರೆಯ ಮುಗಿಯುತ್ತಿದ್ದಂತೆ ಕಡ್ಡಾಯ ಸೇನಾ ಸೇವೆಗೆ ಹೋದಾಗ ಒಂದೇ ಡೇರೆಯಲ್ಲಿ ಮಲಗಿದವರು. ನಾವು ಮೂವರೂ ಗುರುವಾರಗಳಂದು ರೈಲುನಿಲ್ದಾಣದ ಬಳಿಯ ಊಟದ ಮನೆಯಲ್ಲಿ ಬಟಾಣಿ ಸಾರು ಕುಡಿಯುತ್ತಿದ್ದೆವು. ಮಗ್ಗದ ಡ್ರೈವರಿನ ಮಾತು ಮೊದಲು ಬಂದದ್ದೂ ಅಲ್ಲಿಯೇ.

"ಅದನ್ನ ನೋಡಿದೀಯಾ ನೀನು? ಕೊಟ್ಟಿಗೆ ಕಣೋ ಅದು," ಎಂದ ಕೌಕೊ.

"ಕೊಟ್ಟಿಗೆ ಗುಡಿಸಿ ನನಗೆ ಅಭ್ಯಾಸ ಇದೆ. ವೃತ್ತಿಶಾಲೆ ಹುಡುಗರ ಜೊತೆ ಇರೋನು ನಾನು."

"ಸರಿ ಹಾಗಾದ್ರೆ. ನೀನು ತೊಳಿ, ನಾನು ಬಾಗಿಲು ತೆಗೀತೀನಿ."

ಇಲ್ಪೊ ತೊಳೆದ. ಆ ಕೆಲಸ ಹೇಗಿರುತ್ತದೆಂದು ಹೊರಗಿನವರಿಗೆ ಹೇಳುವುದು ಕಷ್ಟ. ಎಲ್ಲಿಯೂ ಬಳಕೆಯಾಗದ ಕೋಡಿನ ತುಣುಕುಗಳನ್ನು ಹುಡುಕಿ ತೆಗೆಯುವುದು. ಯಾವನೋ ಹೆದರಿ ಅಳಿಸದೆ ಮುಚ್ಚಿಟ್ಟು ಹೋದ ಹಳೆಯ ಸಾಲುಗಳನ್ನು ಅಳಿಸುವುದು. ಏನೆಂದೇ ತಿಳಿಯದ ಬರಿಯ ಅಂಕಿಗಳಿಗೆ ಹೆಸರಿಡುವುದು. ಕರ್ನೆಲ್‌ನಲ್ಲಿ ಆಗಲೇ ಇರುವ ಸೌಕರ್ಯವನ್ನು ಬಿಟ್ಟು ತಾನೇ ಕೊರೆದುಕೊಂಡ ಬಾವಿಗಳನ್ನು ಮುಚ್ಚುವುದು. ಒಂದು ತಿದ್ದುಪಡಿಯಲ್ಲಿ ಒಂದೇ ಕೆಲಸ, ಅದು ಯಾಕೆಂಬ ವಿವರಣೆ, ಕೆಳಗೆ ಸಹಿಯ ಸಾಲು. ಕೌಕೊ ಪ್ರತಿಯೊಂದನ್ನೂ ಪಟ್ಟಿಯಲ್ಲಿ ಪರಿಶೀಲಿಸುತ್ತಿದ್ದ. ಅವನು ಕಟುವಾದ ಪರೀಕ್ಷಕ, ಆದರೆ ಒಳ್ಳೆಯವನೇ. ಒಂದು ಮುಗಿಯಿತೆಂದರೆ ಮತ್ತೊಂದನ್ನು ತೋರಿಸುತ್ತಿದ್ದ. ಇಲ್ಪೊ ಎಂದೂ ಬೇಸರಿಸಲಿಲ್ಲ. ಬಾಗಿಲು ತೆರೆಯುತ್ತದೆಂದು ಅವನಿಗೆ ಗೊತ್ತಿತ್ತು.

ಹೀಗೆ ತೊಳೆಯುತ್ತಿರುವಾಗ ಒಂದು ಸಾಲು ಎದುರಾಯಿತು. ಕಾರ್ಡಿಗೆ ಅಪ್ಪಣೆ ಬರೆದ ಕೂಡಲೇ ಅದರಿಂದ ಏನನ್ನೋ ಓದುವ ಸಾಲು. ಓದಿದ್ದನ್ನು ಮುಂದೆ ಎಲ್ಲಿಯೂ ಬಳಸಿರಲಿಲ್ಲ, ಏಕೆ ಓದಬೇಕೆಂಬ ಟಿಪ್ಪಣಿಯೂ ಇರಲಿಲ್ಲ. ಗುಡಿಸುವವನ ಕಣ್ಣಿಗೆ ಅದು ಕಸವೇ. ಕೌಕೊ ಕೂಡ ಪಟ್ಟಿಯಲ್ಲಿ, ಇದು ಯಾಕೆ, ಕಾರಣ ಹೇಳಲಾಗದಿದ್ದರೆ ತೆಗೆ ಎಂದು ಬರೆದ. ಇಲ್ಪೊ ತನ್ನ ಮೇಜಿನ ಮೇಲೆ ಅದೇ ಬಗೆಯ ಕಾರ್ಡಿಗೆ ಪುಟ್ಟ ದೀಪಗಳನ್ನು ಜೋಡಿಸಿ ಪರೀಕ್ಷಿಸಿದ. ಎಲ್ಲ ದೀಪಗಳೂ ಸರಿಯಾಗಿ ಹತ್ತಿದವು. ಸಾಲನ್ನು ತೆಗೆದ.

ನಮ್ಮ ಕಸುಬಿನವರು ಮಾತ್ರ ಮಾಡಬಲ್ಲ ತಪ್ಪು ಅದು. ಕಾರ್ಡಿಗೆ ಬರೆದ ಅಪ್ಪಣೆ ಕೆಲವು ಯಂತ್ರಗಳಲ್ಲಿ ದಾರಿಯ ನಡುವೆ ತಂಗುತ್ತದೆ. ಕೂಡಲೇ ಒಮ್ಮೆ ಓದಿದರೆ, ಆ ಓದು ಬಾಗಿಲಲ್ಲಿ ನಿಂತವನನ್ನು ತಳ್ಳಿದ ಹಾಗೆ ಅಪ್ಪಣೆಯನ್ನು ಒಳಕ್ಕೆ ನೂಕುತ್ತದೆ. ಓದಿದ ಬೆಲೆ ಮುಖ್ಯವಲ್ಲ, ಓದುವುದೇ ಮುಖ್ಯ. ಇಲ್ಪೊನ ಮೇಜಿನ ಕಂಪ್ಯೂಟರ್ ಅಪ್ಪಣೆಗಳನ್ನು ತಂಗಲು ಬಿಡುವ ಜಾತಿಯದಾಗಿರಲಿಲ್ಲ. ಕಾರ್ಯಶಾಲೆಯವು ಆ ಜಾತಿಯವು.

ಮುಂದಿನ ವಸಂತದಲ್ಲಿ ಕಾರ್ಯಶಾಲೆಯ ಯಂತ್ರಗಳಿಗೆ ಹೊಸ ಕರ್ನೆಲ್ ಬಂದಿತು. ಅಲ್ಲಿನ ಹಿರಿಯ ನೇಕಾರ್ತಿ ಸಿಲ್ವಿ, ಒಗ್ಗರಣೆಯಷ್ಟೇ ಚುರುಕು ಬಾಯಿಯವಳು, ಇಲ್ಪೊನಿಗೆ ಫೋನು ಮಾಡಿದಳು. ಅವನು ನನ್ನನ್ನೂ ಜೊತೆಗೆ ಕರೆದುಕೊಂಡು ಹೋದ. ಸಿಲ್ವಿ ಲಿನನ್ ಟವೆಲೊಂದನ್ನು ತೊಡೆಯ ಮೇಲೆ ಹರಡಿಕೊಂಡು ಬೆರಳಾಡಿಸುತ್ತಿದ್ದಳು.

"ಇಲ್ಲಿ ಮುಟ್ಟು, ಹುಡುಗಾ. ಎಳೆ ಮೇಲೆ ತೇಲ್ತಿದೆ. ಇಲ್ಲೊಂದು, ಇಲ್ಲೊಂದು. ನಿನ್ನ ಯಂತ್ರಕ್ಕೆ ನನಗಿಂತ ಕಣ್ಣು ಮಂಜಾಗಿದೆ."

ಐವತ್ತು ದಾಟಿದ ಹುಡುಗ ಮುಟ್ಟಿ ನೋಡಿದ. "ಲಾಳಿ ಬೇಗ ಎಸೀತಿದೀಯೇನೋ?"

"ಓಹೋ! ನಿಮ್ಮಮ್ಮನಿಗೆ ಲಾಳಿ ಹಿಡಿಯೋಕೆ ಕಲಿಸಿದವಳು ನಾನು. ಹೋಗಿ ನಿನ್ನ ಪೆಟ್ಟಿಗೆ ಬಿಚ್ಚಿ ನೋಡು."

ಅವನು ಬಿಚ್ಚಿ ನೋಡಿದ. ಕಾರಣ ಸಿಗುವುದಕ್ಕೆ ತಡವಾಗಲಿಲ್ಲ. ತಾನು ಅಳಿಸಿದ ಸಾಲನ್ನು ಅಲ್ಲಿನ ಯಂತ್ರಗಳಲ್ಲಿ ಮತ್ತೆ ಸೇರಿಸಿದ, ಮಗ್ಗಗಳು ಸರಿಹೋದವು. ಇನ್ನು ಉಳಿದದ್ದು ಪಟ್ಟಿಗೆ ಬರೆಯುವುದು. ತಪ್ಪಾಗಿದೆ, ನನ್ನದೇ ತಪ್ಪು, ತಿದ್ದುಪಡಿ ಇಲ್ಲಿದೆ ಎಂದು ಬರೆದರೆ ಮುಗಿಯಿತು. ನಾವೆಲ್ಲ ಬರೆಯುವ ಬಗೆಯ ಪತ್ರವೇ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಅಷ್ಟರಲ್ಲಿ ನಡುಬೇಸಿಗೆಯ ಯುಹಾನುಸ್ ಹಬ್ಬ ಬಂದಿತು. ಕೌಕೊ ತನ್ನ ಸರೋವರದ ಬೇಸಿಗೆಮನೆಗೆ ಇಲ್ಪೊನನ್ನು ಕರೆದ. ಆ ಸಂಜೆಯ ಮಾತುಗಳನ್ನು ಇಲ್ಪೊ ಮುಂದೆ ನನಗೆ ಹೇಳಿದ. ಕೌಕೊ ಅವನ್ನು ಅಲ್ಲಗಳೆದದ್ದನ್ನು ನಾನು ಕೇಳಿಲ್ಲ. ಇಬ್ಬರೂ ಸೌನಾದ ಬಿಸಿಹಬೆಯ ಕೋಣೆಯಲ್ಲಿ ಬೆವರಿ, ಹೊರಗೆ ಮೆಟ್ಟಿಲ ಮೇಲೆ ಕೂತು ಮೈ ಆರಿಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಕೆಂಡದ ಮೇಲೆ ಸಾಸೇಜ್ ಬೇಯುತ್ತಿತ್ತು.

"ಆ ಓದೋ ಸಾಲು ಬೇಕಾಗಿತ್ತು ಕಣೋ. ತೆಗೆದು ಎಡವಟ್ಟು ಮಾಡಿದೆ. ನಾಡಿದ್ದು ಪಟ್ಟಿಗೆ ಬರೀತೀನಿ," ಎಂದ ಇಲ್ಪೊ.

"ಬರೀಬೇಡ."

"ಯಾಕೆ?"

"ಈಗ ಬರೆದ್ರೆ ಜರ್ಮನಿಯವಳು ಏನಂತಾಳೆ ಗೊತ್ತಲ್ಲ? ನೆಟ್ಟಗೆ ನಿಲ್ಲೋಕೆ ಬರದಿರೋದನ್ನ ಒಳಗ್ಯಾಕೆ ಕರ್ಕೊಂಡು ಬರ್ತೀರಿ ಅಂತಾಳೆ. ಬೇಸಿಗೆ ಕಳೀಲಿ. ಒಳಗೆ ತಗೊಳ್ಳೋವಾಗ ನಿನ್ನ ಸಾಲನ್ನೂ ಅದರ ಜೊತೆಗೇ ಸೇರಿಸಿಬಿಡ್ತೀನಿ."

"ಗೊತ್ತಿದ್ದೂ ಹೇಳದೆ ಇರೋದು ಸರೀನಾ?"

"ಯಾರಿಗೆ ಹೇಳ್ಬೇಕು ಮಾರಾಯ? ಪಾಲಕ ನಾನು. ನನಗೆ ಹೇಳಿದೀಯಲ್ಲ, ಮುಗೀತು. ಸಾಸೇಜ್ ತಿರುಗಿಸು, ಸೀದುಹೋಗ್ತಿದೆ."

ಇಲ್ಪೊ ಸಾಸೇಜ್ ತಿರುಗಿಸಿದ. ಪಟ್ಟಿಗೆ ಬರೆಯಲಿಲ್ಲ.

ಸೆಪ್ಟೆಂಬರಿನ ಒಂದು ಮುಂಜಾನೆ, ಪಟ್ಟಿಯನ್ನು ಓದುತ್ತಿದ್ದಾಗ, ಕೌಕೊ ಕಳಿಸಿದ ತಿದ್ದುಪಡಿಯೊಂದು ನನ್ನ ಕಣ್ಣಿಗೆ ಬಿತ್ತು. ಮಗ್ಗದ ಕಾರ್ಡಿನ ಡ್ರೈವರನ್ನು ತೆಗೆದುಹಾಕುವ ತಿದ್ದುಪಡಿ. ವಿವರಣೆ ಚಿಕ್ಕದಾಗಿತ್ತು, ಅವನ ಎಲ್ಲ ವಿವರಣೆಗಳಂತೆ ಅಚ್ಚುಕಟ್ಟಾಗಿತ್ತು. ಕಳೆದ ವರ್ಷದ ಶುಚಿಕಾರ್ಯದಲ್ಲಿ ಈ ಡ್ರೈವರ್ ಕೆಟ್ಟಿದೆ. ಅಂದಿನಿಂದ ಯಾರೂ ದೂರಿಲ್ಲ. ಆದ್ದರಿಂದ ಇದನ್ನು ಬಳಸುವವರು ಯಾರೂ ಉಳಿದಿಲ್ಲವೆಂದು ತಿಳಿಯಬಹುದು. ಬುನಾದಿಯ ಬದಲಾವಣೆಗೆ ಇದು ಅಡ್ಡವಾಗಿದೆ. ಕೆಳಗೆ, ಕೆಡಿಸಿದ ತಿದ್ದುಪಡಿ ಇದು ಎಂಬ ಸಾಲಿನಲ್ಲಿ, ಇಲ್ಪೊ ಆ ಓದನ್ನು ಅಳಿಸಿದ ತಿದ್ದುಪಡಿಯ ಗುರುತು.

ನಾನು ಇಲ್ಪೊನಿಗೆ ಫೋನು ಮಾಡಿದೆ. "ಇದಕ್ಕೆ ನೀನು ಒಪ್ಪಿದೆಯಾ?"

"ಯಾವುದಕ್ಕೆ?"

ಆಗ ನಾನು ಪತ್ರದ ಮೇಲಿನ ವಿಳಾಸಗಳ ಕಡೆ ಮತ್ತೊಮ್ಮೆ ನೋಡಿದೆ. ನಮ್ಮಲ್ಲಿ ತಿದ್ದುಪಡಿ ಕಳಿಸುವಾಗ ವಿಳಾಸಗಳನ್ನು ಯಾರೂ ನೆನಪಿನಿಂದ ಬರೆಯುವುದಿಲ್ಲ. ಅದಕ್ಕೆ ಒಂದು ಸಣ್ಣ ಸಾಧನವಿದೆ. ಆ ಕಡತವನ್ನು ಹಿಂದೆ ಯಾರು ಯಾರು ಮುಟ್ಟಿದ್ದಾರೆಂದು ಹುಡುಕಿ, ಅವರ ವಿಳಾಸಗಳನ್ನು ಅದೇ ತುಂಬಿಸುತ್ತದೆ. ಆ ಡ್ರೈವರನ್ನು ಇಲ್ಪೊನಷ್ಟು ಮುಟ್ಟಿದವರು ಬೇರೊಬ್ಬರಿಲ್ಲ, ಅವನ ಹೆಸರು ಮೊದಲನೆಯದಾಗಿ ಬರಬೇಕು. ಒಮ್ಮೆ ಕಾಗುಣಿತದ ತಪ್ಪೊಂದನ್ನು ಸರಿಪಡಿಸಿದ ಯಾರೋ ಬ್ರೆಜಿಲಿನ ವಿದ್ಯಾರ್ಥಿನಿಯ ವಿಳಾಸವೂ ಅಲ್ಲಿತ್ತು. ನನ್ನದೂ ಇತ್ತು. ಇಲ್ಪೊನದು ಇರಲಿಲ್ಲ.

ನಾನು ಅದನ್ನು ಅವನಿಗೆ ಹೇಳಿದೆ. ಅವನು, "ತರಗತಿಗೆ ಹೊತ್ತಾಯಿತು," ಎಂದು ಫೋನಿಟ್ಟ.

ಗುರುವಾರ ಕೌಕೊ ಎಂದಿನಂತೆ ಬಂದ, ಸಾರಿನ ತಟ್ಟೆ ಹಿಡಿದು ಎಂದಿನ ಜಾಗದಲ್ಲೇ ಕೂತ. ಸಾಸಿವೆಯನ್ನು ಸಾರಿಗೆ ಕಲಸುತ್ತ ತಾನೇ ಮಾತು ತೆಗೆದ.

"ಆ ಡ್ರೈವರ್ ವಿಷಯ... ನಾನೇ ಹೇಳೋಣ ಅಂತಿದ್ದೆ. ಆಫೀಸಿನವರು ಬುನಾದಿ ಕೆಲಸ ಈ ಸಲದ ಆವೃತ್ತಿಗೇ ಮುಗೀಲೇಬೇಕು ಅಂತ ಕೂತಿದಾರೆ. ಆ ಡ್ರೈವರನ್ನ ಹೊಂದಿಸೋಕೆ ಒಂದು ವಾರ ಬೇಕು. ತೆಗೆಯೋಕೆ ಒಂದು ಗಳಿಗೆ. ನನಗೆ ಆ ವಾರ ಇಲ್ಲ ಕಣೋ."

"ನನಗೆ ಹೇಳಿದ್ರೆ ನಾನು ಹೊಂದಿಸ್ತಿದ್ದೆ," ಎಂದ ಇಲ್ಪೊ.

"ನಿನಗೆ ಶಾಲೆ, ಮಕ್ಕಳು..."

"ಯಾರೂ ದೂರಿಲ್ಲ ಅಂತ ಬರೆದಿದೀಯ."

"ಪಟ್ಟಿಯಲ್ಲಿ ಯಾರೂ ದೂರಿಲ್ಲವಲ್ಲ."

"ದೂರಬೇಡ ಅಂದವನು ನೀನು."

ಕೌಕೊ ಚಮಚವನ್ನು ತಟ್ಟೆಯ ಅಂಚಿಗೆ ಒರಗಿಸಿದ. "ಆವಾಗ ನಿಜವಾಗ್ಲೂ ಒಳಗೆ ತಗೊಳ್ಳೋಣ ಅಂತಲೇ ಇದ್ದೆ. ದೇವರಾಣೆ. ಆಗಸ್ಟಿನಲ್ಲಿ ಎಲ್ಲ ಬದಲಾಯ್ತು."

"ಬದಲಾಗ್ಲಿ. ನನ್ನ ವಿಳಾಸ ಎಲ್ಲಿ ಹೋಯ್ತು?"

"ಯಾವ ವಿಳಾಸ?"

"ಅದು ತಾನಾಗಿ ಬರುತ್ತೆ ಕೌಕೊ. ಬರೋ ಹಾಗೆ ಮಾಡಿರೋ ಸಾಧನ ಅದು. ಹೋಗ್ಬೇಕಾದ್ರೆ ಯಾರಾದ್ರೂ ಕೈಯಾರೆ ಅಳಿಸ್ಬೇಕು."

ಕೌಕೊನ ಮುಖ ಕೆಂಪಾಯಿತು. "ನಿನಗೆ ಬೇಜಾರಾಗತ್ತೆ ಅಂತ. ಮೊದಲು ಎದುರಾಬದುರು ಕೂತು ಹೇಳೋಣ ಅಂತ."

"ಇಷ್ಟು ವರ್ಷದಿಂದ ಎಲ್ಲಾ ತಪ್ಪನ್ನೂ ಊರಿಗೆಲ್ಲ ಕೇಳೋ ಹಾಗೆ ಹೇಳಿದೀಯ ನನಗೆ. ಆವಾಗ ನನ್ನ ಬೇಜಾರು ನೆನಪಾಗಲಿಲ್ಲ," ಎಂದ ಇಲ್ಪೊ. ದನಿಯೇನೂ ಏರಿರಲಿಲ್ಲ. ಪಕ್ಕದ ಮೇಜಿನವರು ತಿರುಗಿ ಕೂಡ ನೋಡಲಿಲ್ಲ. ಗುರುವಾರ ಸಾರಿನ ನಂತರ ಬರುವ ದೋಸೆಯಂಥ ಪ್ಯಾನ್‌ಕೇಕನ್ನು ತರಲು ಅವನು ಎದ್ದು ಹೋದ. ಮೂರು ತಟ್ಟೆ ತಂದ. ಒಂದನ್ನು ಕೌಕೊನ ಮುಂದೆಯೂ ಇಟ್ಟ. ಆಮೇಲೆ ಮೂವರೂ ತಿಂದೆವು. ನಾನು ಅವರಿಬ್ಬರನ್ನೂ ಒಟ್ಟಿಗೆ ಕಂಡದ್ದು ಅದೇ ಕೊನೆ.

ಆ ಸಂಜೆ ಇಲ್ಪೊ ಪಟ್ಟಿಗೆ ಬರೆದ. ಬೇಸಿಗೆಯ ಮುಂಚೆ ಬರೆಯಬೇಕಾಗಿದ್ದ ದೂರನ್ನೇ ಬರೆದ. ಡ್ರೈವರ್ ಬಳಕೆಯಲ್ಲಿದೆ, ಎಲ್ಲಿ, ಯಾವ ಕೆಲಸಕ್ಕೆ ಎಂದು ತಿಳಿಸಿದ. ಕೆಟ್ಟದ್ದು ತನ್ನ ತಿದ್ದುಪಡಿಯಿಂದಲೇ ಎಂದ. ಕಳೆದುಹೋದ ಸಾಲನ್ನು ಮತ್ತೆ ಸೇರಿಸುವ ತಿದ್ದುಪಡಿಯನ್ನು, ಆ ಓದು ಯಾಕೆ ಬೇಕೆಂಬ ಟಿಪ್ಪಣಿಯ ಸಮೇತ ಲಗತ್ತಿಸಿದ. ಸೌನಾದ ಮಾತನ್ನು ಬರೆಯಲಿಲ್ಲ. "ಯಾಕೆ ಬರೀಲಿಲ್ಲ?" ಎಂದು ನಾನು ಕೇಳಿದೆ.

"ಬರೆದ್ರೆ ನನ್ನ ಮಾತು ಒಂದು ಕಡೆ, ಅವನ ಮಾತು ಒಂದು ಕಡೆ. ಅವನು ಹೌದು ಅಂದ್ರೆ ಸರಿ. ನಾನಾಗಿ ಅವನ ಬಾಯಿಗೆ ಕೋಲು ಹಾಕೋದು ಬೇಡ. ಜರ್ಮನಿಯವಳು ಕೇಳೇ ಕೇಳ್ತಾಳೆ, ಆಗ ಅವನೇ ಹೇಳ್ಲಿ."

ಹಿರಿಯ ಪಾಲಕಿ ಕೇಳಿದಳು. ಮರುದಿನವೇ, ನೇರವಾಗಿ ಕೌಕೊನ ಹೆಸರು ಹಿಡಿದು ಕೇಳಿದಳು. ಈ ಬಳಕೆದಾರರ ವಿಷಯ, ಈ ದೋಷದ ವಿಷಯ ನಿನಗೆ ಮೊದಲೇ ತಿಳಿದಿತ್ತೇ? ತಿಳಿದಿದ್ದರೆ ತೆಗೆಯುವ ತಿದ್ದುಪಡಿಯನ್ನು ನಾನು ಹಿಂತಿರುಗಿಸುತ್ತೇನೆ.

ಕೌಕೊನ ಉತ್ತರಕ್ಕೆ ಇಲ್ಪೊ ಕಾದದ್ದನ್ನು ನಾನು ಬಲ್ಲೆ. ಎರಡು ಸಲ ಫೋನು ಮಾಡಿ, ಬೇರೇನೋ ಕೇಳಿದಂತೆ ಮಾಡಿ, "ಏನಾದ್ರೂ ಬಂತಾ?" ಎಂದ. ಪಟ್ಟಿ ಅವನ ಮುಂದೆಯೂ ತೆರೆದೇ ಇತ್ತು. ಉತ್ತರ ಸಂಜೆ ಬಂತು. ಒಂದೇ ಸಾಲು. "ಪಟ್ಟಿಗೆ ಅಂಥ ಯಾವ ದೂರೂ ಬಂದಿರಲಿಲ್ಲ."

ಅದರಲ್ಲಿ ಸುಳ್ಳಿನ ಒಂದು ಅಕ್ಷರವೂ ಇರಲಿಲ್ಲ.

ಕಾರ್ಯಶಾಲೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ, ಮಗ್ಗಗಳು ನಡೆಯುತ್ತಿವೆ ಎಂದು ನಾನೂ ಬರೆದೆ. ಪಾಲಕಿ ನನಗೆ ಸೌಜನ್ಯದಿಂದಲೇ ಉತ್ತರಿಸಿದಳು. ದೂರು ತಡವಾಗಿ ಬಂದಿದೆ, ಬುನಾದಿಯ ಬದಲಾವಣೆ ಈಗಾಗಲೇ ನಿಶ್ಚಯವಾಗಿದೆ, ಶಾಖೆಯ ಪಾಲಕನ ಮಾತನ್ನು ತಾನು ಮೀರಲಾರೆ. ಆಸಕ್ತರು ಡ್ರೈವರನ್ನು ಹೊಸದಾಗಿ ಹೊಂದಿಸಿ ಜಗಲಿಗೆ ತರಬಹುದು, ಮೊದಲಿನಿಂದ ಪರಿಶೀಲಿಸಲಾಗುವುದು. ಪರಿಶೀಲಿಸುವವನು ಕೌಕೊ ಎಂಬುದನ್ನು ಅವಳು ಬರೆಯಬೇಕಾಗಿರಲಿಲ್ಲ.

ಇಲ್ಪೊ ಕಾರ್ಯಶಾಲೆಗೆ ಹೋಗಿ ಯಂತ್ರಗಳನ್ನೆಲ್ಲ ಅಂತರ್ಜಾಲದಿಂದ ಕಳಚಿದ. ಇನ್ನು ಮುಂದೆ ಅವಕ್ಕೆ ಹೊಸ ಕರ್ನೆಲ್ ಇಲ್ಲ, ಹಳೆಯದರಲ್ಲೇ ನಡೆಯಬೇಕು. ನಾನು ತಂತಿ ಸುತ್ತಿಡಲು ನೆರವಾಗುತ್ತಿದ್ದೆ. ಸಿಲ್ವಿ ಮಗ್ಗದಿಂದ ಕೈತೆಗೆಯದೆ ಕೇಳಿದಳು.

"ಹಳೇದಾದ್ರೆ ಕೆಟ್ಟುಹೋಗುತ್ತಾ?"

"ಇಲ್ಲ. ಕೆಟ್ಟರೆ ನಾನಿದೀನಿ."

"ನೀನಿರ್ತೀಯ ಸರಿ. ಆಮೇಲೆ?"

ಇಲ್ಪೊ ಕಂಪ್ಯೂಟರಿನ ಹಿಂದೆ ಬಗ್ಗಿ ಏನನ್ನೋ ಬಿಗಿಮಾಡುತ್ತಿದ್ದ. ಬಿಗಿಮಾಡುವುದು ಮುಗಿದ ಮೇಲೂ ಅಲ್ಲಿಯೇ ಬಗ್ಗಿದ್ದ.

"ಕಿವಿ ಕೇಳಿಸ್ತಿಲ್ವೇನೋ ಇವನಿಗೆ," ಎಂದು ಸಿಲ್ವಿ ನನ್ನತ್ತ ಮುಖ ಮಾಡಿದಳು. ನಾನು ತಂತಿ ಸುತ್ತುತ್ತಲೇ ಇದ್ದೆ. ಅವಳು ಲಾಳಿ ಎಸೆದಳು.

ಕರ್ನೆಲ್‌ನಲ್ಲಿ ಯಾವ ಡ್ರೈವರನ್ನು ಯಾರು ನೋಡಿಕೊಳ್ಳುತ್ತಾರೆಂದು ಹೆಸರುಗಳನ್ನು ಬರೆದಿಟ್ಟ ಕಡತವೊಂದಿದೆ. ಅದೇ ಶಾಖೆಯ ಇನ್ನೂ ಕೆಲವು ಹಳೆಯ ಡ್ರೈವರ್‌ಗಳ ಮುಂದೆ ಇಲ್ಪೊನ ಹೆಸರಿತ್ತು. ಯಾರೂ ಮುಟ್ಟಲೊಲ್ಲದವನ್ನು ಅವನು ಒಂದೊಂದಾಗಿ ತನ್ನದಾಗಿಸಿಕೊಂಡಿದ್ದ. ನವೆಂಬರಿನಲ್ಲಿ ಅವನು ಪಟ್ಟಿಗೆ ಕೊನೆಯ ತಿದ್ದುಪಡಿ ಕಳಿಸಿದ. ಆ ಕಡತದಿಂದ ತನ್ನ ಹೆಸರನ್ನು ಎಲ್ಲ ಕಡೆಯೂ ತೆಗೆಯುವ ತಿದ್ದುಪಡಿ. ವಿವರಣೆಯಲ್ಲಿ, ಇನ್ನು ಮುಂದೆ ಈ ಕೆಲಸ ಮಾಡಲಾಗುವುದಿಲ್ಲ ಎಂದಷ್ಟೇ ಇತ್ತು. ಹಾಗೆ ಹೊರಡುವವರು ಪಾಲಕರಿಗೆ ವಂದನೆ ಹೇಳಿ ಒಂದು ಸಾಲು ಬರೆಯುವುದು ವಾಡಿಕೆ. ಆ ಸಾಲು ಇರಲಿಲ್ಲ. ವಿಳಾಸಗಳನ್ನು ಸಾಧನವೇ ತುಂಬಿಸಿತ್ತು, ಕೌಕೊನದು ಮೊದಲು.

ಇಲ್ಪೊನ ತಿದ್ದುಪಡಿಗಳು ಕೌಕೊನ ಮೇಜಿನ ಮೇಲೆ ವಾರಗಟ್ಟಲೆ ಕಾಯುವುದು ರೂಢಿಯಾಗಿತ್ತು. ಬಿಟ್ಟ ಜಾಗ ಹೆಚ್ಚಾಯಿತು, ವಾಕ್ಯ ಉದ್ದವಾಯಿತು, ಮತ್ತೊಮ್ಮೆ ಕಳಿಸು ಎಂದು ಹಿಂದೆ ಬರುತ್ತಿದ್ದವು. ಈ ತಿದ್ದುಪಡಿಗೆ ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮಧ್ಯಾಹ್ನದ ಊಟದೊಳಗೆ ಒಪ್ಪಿ, ಇಲ್ಪೊನ ಸಹಿಯ ಕೆಳಗೆ ತನ್ನ ಸಹಿ ಹಾಕಿದ.